ಅವ್ವನ ಸಮಾಧಿಯ ಮಣ್ಣು

ಊಟಕ್ಕೆ ಮುಂಚೆ ಅಪ್ಪ ಮಾಡುತ್ತಿದ್ದ ಪ್ರಾರ್ಥನೆ ಎಷ್ಟು ಉದ್ದವೆಂದರೆ ಬಿಸಿ ರೊಟ್ಟಿ ಆರಿ ಕಟಕಲಾಗುತ್ತಿತ್ತು. ಇಂಡಿಯಲ್ಲಿದ್ದ ಅತ್ತೆಯ ಮೊಣಕಾಲು ನೋವು, ಸಿಂದಗಿಗೆ ಕೊಟ್ಟ ಅಕ್ಕನ ಬಾಣಂತನ, ಈಯಲಿಕ್ಕೆ ಬಂದ ಎಮ್ಮೆ, ಎಲ್ಲವನ್ನೂ ದೇವರಿಗೆ ಒಂದೊಂದಾಗಿ ಒಪ್ಪಿಸುತ್ತಿದ್ದ. ಕೊನೆಗೆ ಅವ್ವನ ಸರದಿ. ಅವಳು ತೀರಿಕೊಂಡು ಆಗಲೇ ಆರೇಳು ವರ್ಷವಾಗಿತ್ತು. ಆದರೂ ಅವಳನ್ನು ಕೊಟ್ಟಿದ್ದಕ್ಕೆ ಸ್ತೋತ್ರ ಹೇಳದೆ ಅವನು ಆಮೆನ್ ಅಂದದ್ದು ನನಗೆ ನೆನಪಿಲ್ಲ.

ನಮ್ಮದು ಕೊಲ್ಹಾರ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವುದು ಖಾತ್ರಿಯಾದ ವರ್ಷ ಎಲ್ಲರೂ ಬಾಗಿಲು, ತೊಲೆ, ಹಂಚು ಕಿತ್ತು ಹೊಸ ಊರಿಗೆ ಸಾಗಿಸುತ್ತಿದ್ದರು. ನಾವು ಕ್ರೈಸ್ತರು ಹತ್ತು ಹನ್ನೆರಡು ಮನೆ. ಅಪ್ಪ ಸಭೆಯ ಹಿರಿಯ. ಸತ್ತವರನ್ನೂ ಬಿಟ್ಟು ಹೋಗಬಾರದು ಎಂದು ಅವನೇ ಒಂದು ಕ್ರಮ ಮಾಡಿದ. ಪ್ರತಿ ಸಮಾಧಿಯಿಂದ ಒಂದು ಚೀಲ ಮಣ್ಣು ತಂದು ಹೊಸ ಸ್ಮಶಾನದಲ್ಲಿ ಸುರಿದು ಅದರ ಮೇಲೆ ಅವರವರ ಶಿಲುಬೆ ನೆಡುವುದು. ದುಡಿಯಲು ದೂರ ಹೋದವರ ಮನೆಯ ಮಣ್ಣನ್ನೆಲ್ಲ ಅಪ್ಪ ತಾನೇ ಹೊತ್ತ. ಅವ್ವನದನ್ನು ಮಾತ್ರ ಮುಟ್ಟಲಿಲ್ಲ.

"ಅದು ಮಗನ ಕೆಲಸ. ನಾಳಿ ನಾಡದ್ದರಾಗ ತಂದುಬಿಡು, ನೀರು ಏರಾಕತ್ತೈತಿ," ಅಂದ.

ನನಗೆ ಆಗ ಇಪ್ಪತ್ತು. ಎರಡು ದಿನ ಇದೆಯಲ್ಲ ಅಂದುಕೊಂಡು ಗೆಳೆಯರ ಜೊತೆ ಬಸವನ ಬಾಗೇವಾಡಿಗೆ ಸಿನೆಮಾ ನೋಡಲು ಹೋದೆ. ಒಂದು ಸಾಲದೆ ಎರಡು ನೋಡಿದೆ. ಮೂರನೆಯ ದಿನ ಬೆಳಿಗ್ಗೆ ಚೀಲ, ಸಲಿಕೆ ಹಿಡಿದು ಹೋದರೆ ಸ್ಮಶಾನವೇ ಇರಲಿಲ್ಲ. ಬೇವಿನ ಮರ ನೀರಲ್ಲಿ ನಿಂತಿತ್ತು. ಶಿಲುಬೆಗಳನ್ನು ಅಪ್ಪ ಮೊದಲೇ ಕಿತ್ತು ಒಯ್ದಿದ್ದ. ಮೊಣಕಾಲಿನವರೆಗೆ ಇಳಿದೆ, ಯಾವುದು ಅವ್ವನದು ಎಂದು ಗೊತ್ತಾಗಲಿಲ್ಲ. ಹೆದರಿಕೆಯಾಗಿ ಹಿಂದೆ ಬಂದೆ.

ಬರಿ ಚೀಲ ಹಿಡಿದು ಅಪ್ಪನ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಹೊಸ ಊರಿನ ದಾರಿಯಲ್ಲಿ ರಸ್ತೆಗೆಂದು ದಿಬ್ಬ ಕಡಿದಿದ್ದರು. ಅಲ್ಲಿಂದ ಚೀಲ ತುಂಬಿಕೊಂಡೆ.

ಸಭೆಯವರೆಲ್ಲ ಕಾಯುತ್ತಿದ್ದರು. ಅಪ್ಪ ಚೀಲದ ಬಾಯಿ ಬಿಚ್ಚಿ, ಕೈ ಹಾಕಿ, ಒಂದು ಹಿಡಿ ಎತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಭಾಳ ಭಾರ ಇತ್ತೇನು?"

"ಹೌದಪ್ಪ," ಅಂದೆ.

ಅವನು ಮಣ್ಣು ಸುರಿದು, ಶಿಲುಬೆ ನೆಟ್ಟು, ಮೊಣಕಾಲೂರಿದ. ಆ ದಿನದ ಪ್ರಾರ್ಥನೆ ಮಾತ್ರ ಬಹಳ ಚಿಕ್ಕದಿತ್ತು.

ಮುಂದೆ ನನಗೆ ಮುದ್ದೇಬಿಹಾಳದಲ್ಲಿ ಮಾಸ್ತರಿಕೆ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಅಪ್ಪ ಪ್ರತಿ ಭಾನುವಾರ ಆರಾಧನೆ ಮುಗಿಸಿ ಅವ್ವನ ಶಿಲುಬೆಯ ಹತ್ತಿರ ಹೋಗಿ ಕಸ ಕಿತ್ತು, ಒಂದು ಕೀರ್ತನೆ ಓದಿ ಬರುತ್ತಿದ್ದ. ನಾನು ಊರಿಗೆ ಬಂದಾಗ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ರಸ್ತೆಯ ಮಣ್ಣಿಗೆ ನನ್ನಪ್ಪ ತಲೆಬಾಗಿಸುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅವ್ವ ಕನಸಿಗೆ ಬರುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಸೆರಗು ಹಿಂಡುತ್ತಿದ್ದಳು. ಎಷ್ಟು ಹಿಂಡಿದರೂ ನೀರು ಇಳಿಯುತ್ತಲೇ ಇತ್ತು. ಎದ್ದ ಮೇಲೆ ನಾನು ಹೊಸ್ತಿಲು ಮುಟ್ಟಿ ನೋಡುತ್ತಿದ್ದೆ. ಮಾಸ್ತರನಾಗಿ ಮಕ್ಕಳಿಗೆ ದೆವ್ವ ಇಲ್ಲ ಎಂದು ಪಾಠ ಹೇಳುವವನ ಹಣೆಬರಹ ಇದು.

ಹೋದ ವರ್ಷ ಮಳೆಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದ. ಒಂದು ಸಂಜೆ ಗಂಜಿ ಕುಡಿಸುತ್ತಿದ್ದಾಗ ನನ್ನ ಮುಂಗೈ ಹಿಡಿದು, "ನನ್ನ ಅಲ್ಲೇ ಇಡು, ಆ ಶಿಲುಬಿ ಬಾಜೂಕ," ಅಂದ.

"ಆತಪ್ಪ."

"ಬ್ಯಾಸಗ್ಯಾಗ ನೀರು ಇಳೀತೈತಿ. ಹಳೆ ಸ್ಮಶಾನದಾಗಿಂದು ಒಂದು ಚೀಲ ಎರಿ ಮಣ್ಣು ತಂದು ಇಬ್ಬರ ಮ್ಯಾಲೂ ಹಾಕು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ಈ ಸರ್ತಿ ಸಿನಿಮಾಕ್ಕ ಹೋಗಬ್ಯಾಡ. ನೆಟ್ಟಗ ಹೊಳಿಗೆ ಹೋಗು."

ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಹಳೆ ಸ್ಮಶಾನದ್ದು ಕಪ್ಪು ಎರೆ. ನಾನು ತುಂಬಿದ್ದು ದಿಬ್ಬದ ಕೆಂಪು ಮಸಾರಿ ಮಣ್ಣು. ಹೊಳೆದಂಡೆಯಲ್ಲಿ ಜೀವಮಾನವೆಲ್ಲ ಜೋಳ ಬಿತ್ತಿದ ಮನುಷ್ಯ, ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಯಾವ ಹೊಲದ್ದೆಂದು ಹೇಳುತ್ತಿದ್ದವನು! ಅವನು ನೋಡಿದ ಕೂಡಲೇ ತಿಳಿದಿದ್ದ. ಸಭೆಯ ಮುಂದೆ ಮಗನ ಮಾನ ಹೋಗಬಾರದೆಂದು ಮೊಣಕಾಲೂರಿದ್ದ. ಆಮೇಲೆ ಅಷ್ಟೂ ಭಾನುವಾರ, ಹೆಂಡತಿ ಅಲ್ಲಿಲ್ಲ ಎಂದು ಗೊತ್ತಿದ್ದೂ ಹೋಗಿದ್ದ. ನಾನಾಗಿ ಬಾಯಿ ಬಿಡಲಿ ಎಂದು ಕಾದಿದ್ದನೇ? ಆಗಲೂ ನಾನು ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಅವನು ಹೋದ. ಹಿನ್ನೀರು ತುಂಬಿ ನಿಂತಿತ್ತು, ಅವನನ್ನು ಮಸಾರಿಯಲ್ಲೇ ಇಟ್ಟೆವು.

ಈ ಬೇಸಿಗೆಯಲ್ಲಿ ನೀರು ಇಳಿದ ಸುದ್ದಿ ಬಂದ ದಿನವೇ ಹೋದೆ. ಬೇವಿನ ಮರದ ಬೊಡ್ಡೆ ಉಳಿದಿತ್ತು. ಉಳಿದದ್ದೆಲ್ಲ ಸಪಾಟು ಕೆಸರು. ಯಾರ ಸಮಾಧಿ ಎಲ್ಲಿ ಎಂದು ಹೇಳಲು ಊರಲ್ಲಿ ಯಾರೂ ಉಳಿದಿಲ್ಲ. ಅವ್ವನನ್ನು ಇಟ್ಟ ಜಾಗ ಬಲ್ಲ ಕೊನೆಯ ಮನುಷ್ಯ ನನ್ನಪ್ಪ. ಅವನನ್ನು ಒಂದು ಸಲ ಜೊತೆಗೆ ಕರೆತಂದಿದ್ದರೆ ಬೆರಳು ಮಾಡಿ ತೋರಿಸುತ್ತಿದ್ದ. ಅದಕ್ಕೆ ಮೊದಲು ನಾನು ನಿಜ ಹೇಳಬೇಕಿತ್ತು.

ಅಂದಾಜಿನ ಮೇಲೆ ಅಗೆದೆ. ಹಸಿ ಎರೆ, ಚೀಲ ಹೆಗಲಿಗೆ ಏರಲಿಲ್ಲ, ಎರಡು ಸಲ ಬಿದ್ದೆ. ಹೊಸ ಸ್ಮಶಾನಕ್ಕೆ ಬಂದು ಇಬ್ಬರ ಮೇಲೂ ಸುರಿದೆ. ಅಪ್ಪನ ಹಾಗೆ ಮೊಣಕಾಲೂರಿದೆ. ಪ್ರಾರ್ಥನೆ ಬರಲಿಲ್ಲ.

"ಭಾಳ ಭಾರ ಇತ್ತಪ್ಪ," ಅಂದೆ.

ಅವನಿಗೆ ನಾನು ಹೇಳಿದ ಮೊದಲ ನಿಜ ಅದು. ಕೇಳಲು ಅವನಿರಲಿಲ್ಲ.