ರಕ್ತದೊಳಗಿನ ಚೆಕ್ಕರ್

ಆ ಶನಿವಾರ ಚೆಕ್ಕರ್ ನನ್ನ ಬೀಡಿಯಲ್ಲಿ ಎರಡು ಕಟ್ಟು ಬದಿಗೆ ಹಾಕಿದರು. ಉಪ್ಪಿನಂಗಡಿಯ ಬೀಡಿ ಬ್ರಾಂಚಿನಲ್ಲಿ ಉದ್ದ ಮೇಜಿನ ಆಚೆ ಕೂತು, ನಾವು ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಗಳನ್ನು ಬೆರಳಿನಿಂದ ಒತ್ತಿ ನೋಡಿ, ಸಡಿಲವಾದದ್ದನ್ನು ಮುರಿದು ಹಾಕುವುದು ಅವರ ಕೆಲಸ. ಎಲೆಯನ್ನು ಸರಿಯಾಗಿ ನೆನೆಸದೆ ಕತ್ತರಿಸಿದ್ದೆ, ತಪ್ಪು ನನ್ನದೇ. ಆದರೂ ಸಿಟ್ಟು ಬಂತು.

ನನ್ನ ಗಂಡ ಹೊರಗೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದರು. ಅವರು ಪುತ್ತೂರು, ಕಡಬ ನಡುವೆ ಓಡುವ ಬಸ್ಸಿನ ಡ್ರೈವರ್. ಶನಿವಾರ ಅವರಿಗೆ ರಜೆ, ನನ್ನನ್ನು ಬ್ರಾಂಚಿಗೆ ಕರೆದುಕೊಂಡು ಬರುವುದು ರೂಢಿ.

"ಎಂತ, ಮುಖ ಊದಿಸಿಕೊಂಡು ಬಂದದ್ದು?"

"ಆ ಮನುಷ್ಯನಿಗೆ ಕಣ್ಣಿಲ್ಲ. ಒಳ್ಳೆ ಬೀಡಿಯನ್ನೂ ಮುರಿದು ಹಾಕಿದ."

"ಕಣ್ಣು ಉಂಟು ಮಾರಾಯ್ತಿ. ಅದೇ ನಿನಗೆ ತೊಂದರೆ."

ಚೀಲ ಹಿಡಿದು ಹಿಂದೆ ಕೂತೆ. ಮಾರ್ಕೆಟಿನಲ್ಲಿ ಬಂಗುಡೆ ತೆಗೆದುಕೊಂಡೆವು. ಮನೆಗೆ ಬಂದು ಸಾರು ಮಾಡಿದೆ, ಅವರು ಎರಡು ಸಲ ಬಡಿಸಿಕೊಂಡು ಉಂಡರು. ಆ ದಿನದ ಬಗ್ಗೆ ಇನ್ನೇನೂ ನೆನಪಿಲ್ಲ. ನೆನಪಿಡುವಂಥದ್ದು ಇರಲಿಲ್ಲ.

ಮರುದಿನ ಬೆಳಿಗ್ಗೆ ಗಡ್ಡ ತೆಗೆಯುತ್ತಿದ್ದವರು ಕರೆದರು. "ಇಲ್ಲಿ ಮುಟ್ಟಿ ನೋಡು." ದವಡೆಯ ಕೆಳಗೆ ಹುಣಸೆ ಬೀಜದಷ್ಟು ಒಂದು ಗಂಟು. ನೋವಿರಲಿಲ್ಲ. ಇನ್ನೊಂದು ಬದಿಯಲ್ಲೂ ಒಂದಿತ್ತು. ಪುತ್ತೂರಿನಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಬಿಳಿ ಕಣ ತುಂಬ ಜಾಸ್ತಿ ಉಂಟು ಎಂದು ಹೇಳಿ ಮಂಗಳೂರಿಗೆ ಕಳುಹಿಸಿದರು. ಅಲ್ಲಿ ಗೊತ್ತಾಯಿತು, ರಕ್ತದ ಕ್ಯಾನ್ಸರ್ ಎಂದು.

ಮಂಗಳೂರಿನ ಡಾಕ್ಟರು ನನಗಿಂತ ಚಿಕ್ಕ ಪ್ರಾಯದ ಹೆಂಗಸು. ಇದು ಹೇಗೆ ಬಂತೆಂದು ನನ್ನ ಗಂಡ ಕೇಳಿದಾಗ, ಡಾಕ್ಟರು ಒಂದು ಹಳೆಯ ಕಾಗದದ ಹಿಂಬದಿಯಲ್ಲಿ ಗೆರೆ ಎಳೆದು ಹೇಳಿದರು. ನಮ್ಮ ಕೋಶದೊಳಗೆ ಯಾವ್ಯಾವುದನ್ನು ತಯಾರಿಸಬೇಕೆಂದು ಹೇಳುವ ಚೀಟಿಗಳಂಥವು ಓಡಾಡುತ್ತಿರುತ್ತವೆಯಂತೆ. ಸಣ್ಣ ಆರ್‌ಎನ್‌ಎ ಎಂಬ ಚೂರುಗಳು ಬೇಡದ ಚೀಟಿಗೆ ಅಂಟಿಕೊಂಡು ತಡೆಯುತ್ತವೆ. ತಾವಾಗಿ ಅವು ಏನನ್ನೂ ತಯಾರಿಸುವುದಿಲ್ಲ, ತಡೆಯುವುದೇ ಕೆಲಸ. ಬಿಳಿ ಕಣ ಹಳತಾದರೆ ಸಾಯಬೇಕು. ಅದನ್ನು ಸಾಯದಂತೆ ಉಳಿಸುವ ಒಂದು ವಸ್ತು ಉಂಟು. ಆ ವಸ್ತು ಅತಿಯಾಗದಂತೆ ನೋಡಿಕೊಳ್ಳುವ ಎರಡು ಚೂರುಗಳು ಇವರ ರೋಗದ ಕಣಗಳಲ್ಲಿ ಇಲ್ಲ.

"ಹುಟ್ಟುವಾಗಲೇ ಇರಲಿಲ್ವಾ?" ಎಂದು ಕೇಳಿದರು ಇವರು.

"ಹುಟ್ಟುವಾಗ ಇತ್ತು. ಅವು ಇರುವ ವರ್ಣತಂತುವಿನ ತುಂಡೇ ನಡುವೆ ಎಲ್ಲೋ ಹೋಗಿದೆ."

ಇವರು ಕಾಗದವನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಚೆಕ್ಕರ್ ಇಲ್ಲದ ಬ್ರಾಂಚ್. ಹಾಳಾದ್ದೆಲ್ಲ ಪಾಸ್" ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಬೀಡಿ ಬ್ರಾಂಚಿನ ವಿಷಯ ನಾನು ಬಿಡಿಸಿ ಹೇಳಬೇಕಾಯಿತು. ಅವರು ನಕ್ಕರು. "ನಿಮ್ಮಷ್ಟು ಚೆಂದ ನನಗೆ ಹೇಳ್ಲಿಕ್ಕೆ ಬರುದಿಲ್ಲ" ಎಂದರು.

ಇದೊಂದೇ ತುಂಡು ಹೋದವರಲ್ಲಿ ಕಾಯಿಲೆ ಹೆಚ್ಚಾಗಿ ನಿಧಾನ ಎಂದೂ ಹೇಳಿದ್ದರು. ನಿಧಾನವೇ ಇತ್ತು. ಎರಡು ವರ್ಷ ಅವರು ಬಸ್ಸು ಓಡಿಸಿದರು, ಶನಿವಾರ ನನ್ನನ್ನು ಬ್ರಾಂಚಿಗೆ ಕರೆದುಕೊಂಡು ಹೋದರು. ಆಮೇಲೆ ಮಾತ್ರೆ ಶುರುವಾಯಿತು. ಕಳೆದ ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದು ಎದೆಗೆ ಇಳಿಯಿತು. ರಕ್ತದ ತುಂಬ ಬಿಳಿ ಕಣ, ಅದರಲ್ಲಿ ಮೈ ಕಾಯುವಂಥದ್ದು ಸಾಕಷ್ಟು ಇರಲಿಲ್ಲ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಉತ್ತರಕ್ರಿಯೆಯ ಊಟ ಮುಗಿದ ಮೇಲೆ, ಜಗಲಿಯಲ್ಲಿ ಜನ ಇರುವಾಗಲೇ, ಅವರ ಅಕ್ಕ ಹೇಳಿದರು: "ಇಪ್ಪತ್ತು ವರ್ಷ ನನ್ನ ತಮ್ಮನಿಗೆ ಹೊಗೆಸೊಪ್ಪಿನ ಹುಡಿಯ ಗಾಳಿ ಕುಡಿಸಿದ್ದು ಇವಳು. ಮತ್ತೆ ಕ್ಯಾನ್ಸರ್ ಬಾರದೆ ಎಂತ ಬರುದು?"

ಜಗಲಿಯಲ್ಲಿದ್ದವರು ತಲೆ ಆಡಿಸಿದರು. ಬೀಡಿ ಕಟ್ಟುವಾಗ ನಾನು ಮಡಿಲಲ್ಲಿ ಇಟ್ಟುಕೊಳ್ಳುವ, ಮೊರದಂಥ ತಡ್ಪೆಯನ್ನು ಅಕ್ಕ ಬಚ್ಚಲಿನ ಒಲೆಯ ಬಾಯಿಗೆ ಇಟ್ಟಿದ್ದರು. ಒಂದು ಅಂಚು ಕರಟಿತ್ತು. ಹೊರಗೆ ಎಳೆದು ನೀರು ಹಾಕಿದೆ.

ಆ ಮಾತು ನನ್ನೊಳಗೆ ಕೂತಿತು. ಗಂಡ ಮಲಗುತ್ತಿದ್ದ ಕೋಣೆಯಲ್ಲೇ ನಾನು ಹೊಗೆಸೊಪ್ಪು ಇಡುತ್ತಿದ್ದದ್ದು ಹೌದು. ನಾನೇ ಕೊಂದೆನೋ ಎಂದು ತಿಳಿಯದೆ ಬದುಕುವುದು ಸಾಧ್ಯವಿರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಮಂಗಳೂರಿಗೆ ಹೋದೆ, ಮಧ್ಯಾಹ್ನದವರೆಗೆ ಕಾದು ಡಾಕ್ಟರನ್ನು ಕೇಳಿದೆ.

ಅವರು ಸಮಾಧಾನದ ಮಾತು ಹೇಳಲಿಲ್ಲ. "ಹೊಗೆಸೊಪ್ಪಿನ ಹುಡಿ ಒಳ್ಳೆಯದಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಆದರೆ ನಿಮ್ಮವರಿಗೆ ಅದರಿಂದಲೇ ಬಂತು ಅಂತ ಹೇಳ್ಲಿಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ಆ ತುಂಡು ಯಾಕೆ ಹೋಯಿತು ಅಂತ ನಮಗೆ ಗೊತ್ತಿಲ್ಲ."

ನನಗೆ ಅಷ್ಟು ಸಾಕಾಗಿತ್ತು. ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಿದವರು ಅವರೊಬ್ಬರೇ.

ಮರುದಿನ ಜಗಲಿಯ ಗಾಳಿಗೆ, ಮೂಗಿಗೆ ಬಟ್ಟೆ ಕಟ್ಟಿ, ಅಂಚು ಸುಟ್ಟ ತಡ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ತಿಂಗಳ ಕ್ರಿಯೆಗೆ ಬಂದ ಅಕ್ಕ ಮೆಟ್ಟಿಲಲ್ಲೇ ನಿಂತರು.

"ನಾಚಿಕೆ ಇಲ್ವಾ ನಿನಗೆ?"

"ಕಾಯಿಲೆ ಯಾಕೆ ಬಂತು ಅಂತ ಡಾಕ್ಟರಿಗೇ ಗೊತ್ತಿಲ್ಲ ಅಕ್ಕ. ನಿಮಗೆ ಹೇಗೆ ಗೊತ್ತಾಯಿತು?"

ನಾನು ಎದ್ದು ಜಾಗ ಕೊಡಲಿಲ್ಲ. ಅವರೇ ಬದಿಯಿಂದ ಒಳಗೆ ಹೋದರು. ಅವರಿಗೂ ತಮ್ಮ ಹೋಗಿದ್ದಾನೆ, ನನಗೆ ಗೊತ್ತು. ಆದರೆ ಅವರ ದುಃಖಕ್ಕೆ ನನ್ನನ್ನು ಬಲಿ ಕೊಡಲಾರೆ.

ಆ ಶನಿವಾರ ಬಸ್ಸಿನಲ್ಲಿ ಬ್ರಾಂಚಿಗೆ ಹೋದೆ. ಕೈ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ, ಬೀಡಿ ಅಲ್ಲಲ್ಲಿ ಸಡಿಲವಾಗಿದ್ದದ್ದು ನನಗೇ ಗೊತ್ತಿತ್ತು. ಚೆಕ್ಕರ್ ನನ್ನ ಮುಖ ನೋಡಿದರು, ಒತ್ತಿ ನೋಡದೆ ಎಲ್ಲವನ್ನೂ ಪಾಸ್ ಕಡೆಗೆ ಸರಿಸಿದರು.

"ನೋಡಿ ಅಣ್ಣ," ಎಂದೆ.

"ಇರಲಿ ಅಕ್ಕ, ಈ ಸರ್ತಿ."

"ಬೇಡ. ಹಾಳಾದ್ದನ್ನು ತಡೆಯುದೇ ನಿಮ್ಮ ಕೆಲಸ. ನನ್ನ ಮುಖ ನೋಡಿ ಬಿಡಬೇಡಿ."

ಹಿಂದೆ ಸಾಲಿನಲ್ಲಿದ್ದವಳು, "ಇವಳಿಗೆ ಮರುಳು. ಸಿಕ್ಕಿದ್ದು ಬೇಡವಂತೆ" ಎಂದಳು. ಚೆಕ್ಕರ್ ಕಟ್ಟುಗಳನ್ನು ಮತ್ತೆ ಎಳೆದುಕೊಂಡು ಒಂದೊಂದಾಗಿ ಒತ್ತಿದರು. ನಾಲ್ಕು ಕಟ್ಟು ಮುರಿದರು. ನಾನು ನಿಂತು ನೋಡಿದೆ.

ಖಾಲಿ ಚೀಲ ಹಿಡಿದು ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಸ್ಕೂಟರ್ ಇರಲಿಲ್ಲ. ನಾಲ್ಕು ಕಟ್ಟು ಹೋಯಿತೆಂದು ಹೇಳಲು ಅವರಿಲ್ಲ.