ಎಡ ಮಗ್ಗುಲಿನ ಕೆಸರು

ಪಂದ್ಯದ ದಿನ ಸಂಜೆ ಐದಕ್ಕೆ ಕಾಲ್ದಮಾರ್ ಊರಿನವರೆಲ್ಲ ಮೈದಾನದ ಒಳಗೆ ನುಗ್ಗುವಾಗ ವಿಸಿತಾಸಿಯೋನ್ ಒಬ್ಬಳೇ ಹೊರಗೆ ಬರುತ್ತಿದ್ದಳು. ಕಂಕುಳಲ್ಲಿ ಕೈಚೀಲ, ತಲೆಗೆ ಬಿಗಿದ ಸ್ಕಾರ್ಫು. ಎದುರು ಬರುವ ಜನರ ನಡುವೆ ಭುಜ ತೂರಿಸಿಕೊಂಡು ಸರಸರ ನಡೆಯುವಳು. ಜನ ಅವಳಿಗೆ ದಾರಿ ಬಿಡುತ್ತಿದ್ದರು. ಅದು ಮರ್ಯಾದೆಗೆ ಎಂದುಕೊಳ್ಳುವಷ್ಟು ದಡ್ಡಿಯಲ್ಲ ಅವಳು. ಅವಳು ಬೇಗ ದೂರ ಹೋದಷ್ಟೂ ಊರಿಗೆ ಒಳ್ಳೆಯದು ಎಂದು ಅವರ ನಂಬಿಕೆ.

ಅವಳು ಆ ಊರಿನ ಫುಟ್‌ಬಾಲ್ ಸಂಘದ ಬಟ್ಟೆ ಒಗೆಯುವವಳು. ಐವತ್ತೆಂಟು ವಯಸ್ಸು. ಗಂಡ ಮೀನಿನ ದೋಣಿಯಲ್ಲಿದ್ದ, ಸತ್ತು ಹದಿನಾಲ್ಕು ವರ್ಷ. ಗ್ಯಾಲರಿಯ ಕೆಳಗಿನ ಒಗೆಯುವ ಕೋಣೆ ಇಪ್ಪತ್ತೇಳು ವರ್ಷದಿಂದ ಅವಳ ರಾಜ್ಯ. ಎರಡು ಯಂತ್ರ, ಒಂದು ಕಲ್ಲಿನ ತೊಟ್ಟಿ, ಹಸಿರು ಸಾಬೂನಿನ ಗಟ್ಟಿಗಳು, ಸವೆದ ಬ್ರಷ್ಷು. ತಂಡ ಮೂರನೇ ದರ್ಜೆಯಲ್ಲಿ ಕೊಳೆಯುತ್ತಿದ್ದಾಗಲೂ ಒಗೆದಳು, ಎರಡನೆಯದಕ್ಕೆ ಏರಿದಾಗಲೂ ಒಗೆದಳು. "ಮೊದಲನೇ ದರ್ಜೆ ಆಟ ಒಂದ್ಸಲ ಕಣ್ಣಾರೆ ನೋಡಿ ಸಾಯ್ಬೇಕು" ಎನ್ನುವುದು ಅವಳ ದಿನನಿತ್ಯದ ಮಾತು. ಹೋದ ಬೇಸಿಗೆಯಲ್ಲಿ ಆ ಭಾಗ್ಯವೂ ಬಂತು. ತಂಡ ದೇಶದ ದೊಡ್ಡ ಲೀಗಿಗೆ ಏರಿತು, ಊರು ಮೂರು ದಿನ ಕುಣಿಯಿತು. ಸಂಘದ ಅಧ್ಯಕ್ಷ ದೊನ್ ಇಲಾರಿಯೊ ಅವಳಿಗೆ ಐದನೇ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟ, ಬೆನ್ನಿಗೆ ಅವಳ ಹೆಸರು ಬರೆಸಿ.

ಅವಳು ಆ ಕುರ್ಚಿಯಲ್ಲಿ ಕೂತ ಮೊದಲ ಪಂದ್ಯದಲ್ಲಿ ತಂಡ ನಾಲ್ಕು ಗೋಲಿನಿಂದ ಸೋತಿತು. ಎರಡನೆಯದರಲ್ಲಿ ಮೂರರಿಂದ. ಮೂರನೆಯದರಲ್ಲಿ ನಮ್ಮವನೊಬ್ಬ ನಮ್ಮದೇ ಗೋಲಿಗೆ ಚೆಂಡು ಹೊಡೆದುಕೊಂಡ. ನಾಲ್ಕನೆಯ ಪಂದ್ಯದ ದಿನ ಅವಳು ನಾದಿನಿಯ ಮಣ್ಣಿಗೆಂದು ಪಕ್ಕದ ಊರಿಗೆ ಹೋಗಿದ್ದಳು. ತಂಡ ಗೆದ್ದಿತು. ಅಷ್ಟು ಸಾಕಾಯಿತು ಊರಿಗೆ.

ದೊನ್ ಇಲಾರಿಯೊ ಒಗೆಯುವ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. ಆತ ಓದಿದವನು, ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಯಜಮಾನ. ಆದರೂ ಪರವೂರಿನ ಪಂದ್ಯಗಳಿಗೆ ಹೊಲಿಸಿದ ಅಂಗಿ ಹಳದಿ ಬಣ್ಣದಲ್ಲಿ ಬಂದಾಗ, ಹಳದಿ ಕೇಡು ಎಂದು ಪೆಟ್ಟಿಗೆ ಬಿಚ್ಚದೆ ವಾಪಸು ಕಳಿಸಿದವನೂ ಆತನೇ.

"ನೋಡಮ್ಮ ವಿಸಿ, ಈ ಕಾಲ್ಗುಣ ಗೀಲ್ಗುಣ ಎಲ್ಲ ನಾನು ನಂಬೋನಲ್ಲ" ಎನ್ನುತ್ತ, ಕೇಡು ತಟ್ಟದಿರಲೆಂದು ಬಾಗಿಲಿನ ಮರವನ್ನು ಎರಡು ಸಲ ಮುಟ್ಟಿದ. "ಆದ್ರೆ ಜನ ಇದಾರಲ್ಲ, ಜನ..."

"ಜನಕ್ಕೆ ಹೇಳಿ ದೊನ್ ಇಲಾರಿಯೊ, ನಾನು ಬರಲ್ಲ" ಎಂದಳು ವಿಸಿ. ಸಾಬೂನು ಉಜ್ಜುವ ಕೈ ನಿಲ್ಲಿಸಲಿಲ್ಲ. ಅವಳಿಗೆ ಅಳು ಬಂದಿತ್ತು. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು, ತಾನೂ ಅದನ್ನು ನಂಬುತ್ತಿದ್ದೇನೆ ಎನ್ನುವುದು.

ಅಂದಿನಿಂದ ಶುರುವಾಯಿತು ನಡಿಗೆ. ಪಂದ್ಯ ನಡೆಯುವಾಗ ಮನೆಯಲ್ಲಿ ಕೂರಲಾಗದು, ರೇಡಿಯೊ ಕೇಳಲಾಗದು. ಆಟ ಕಿವಿಯಿಂದ ಒಳಹೊಕ್ಕರೂ ಕಾಲ್ಗುಣ ಅಂಟಿದರೆ? ಮೈದಾನದ ಗೋಡೆಯಿಂದ ಬಂದರಿಗೆ, ಬಂದರಿನಿಂದ ಸಮುದ್ರಕ್ಕೆ ಚಾಚಿದ ಕಲ್ಲುಗೋಡೆಯ ತುದಿಯ ದೀಪಸ್ತಂಭಕ್ಕೆ, ಅಲ್ಲಿಂದ ತಿರುಗಿ ಮೈದಾನಕ್ಕೆ. ಮೂರನೇ ಗೇಟಿನ ಕಾವಲುಗಾರ ಫೌಸ್ತೊ ಸೂರ್ಯಕಾಂತಿ ಬೀಜ ಜಗಿದು ಉಗಿಯುತ್ತ, "ಇನ್ನೊಂದು ಸುತ್ತು ಹೊಡಿ ತಾಯಿ, ನೀನು ದೂರ ಹೋದಾಗ್ಲೆಲ್ಲ ನಮ್ಮೋರು ಚೆನ್ನಾಗಿ ಆಡ್ತಾರೆ" ಎನ್ನುವನು. ಅವಳ ಚಪ್ಪಲಿಯ ಅಟ್ಟೆ ಆ ಚಳಿಗಾಲದಲ್ಲಿ ಎರಡು ಸಲ ಬದಲಾಯಿತು.

ಆಟ ನೋಡದಿದ್ದರೂ ಆಟ ಹೇಗಾಯಿತು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಪಂದ್ಯ ಮುಗಿದ ಮೇಲೆ ಕೊಳೆ ಬಟ್ಟೆಯ ಬೆತ್ತದ ಬುಟ್ಟಿ ಬರುವುದು ಅವಳ ಬಳಿಗೆ ತಾನೆ. ಚಡ್ಡಿಯ ಹಿಂಭಾಗದಲ್ಲಿ ಹುಲ್ಲಿನ ಕಲೆ ಇದ್ದರೆ ಇವನು ಜಾರಿ ಚೆಂಡು ಕಸಿದಿದ್ದಾನೆ. ಅಂಗಿಯ ಬೆನ್ನು ಹಿಗ್ಗಿದ್ದರೆ ಇವನನ್ನು ಎದುರಾಳಿ ಹಿಡಿದೆಳೆದಿದ್ದಾನೆ. ತೋಳಲ್ಲಿ ಬೆವರಿಗಿಂತ ಹೆಚ್ಚು ಅತ್ತರಿದ್ದರೆ, ಈ ಮಹಾರಾಯ ಓಡಿಯೇ ಇಲ್ಲ. ಈ ವಿದ್ಯೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ಮಾರ್ಚ್ ಕೊನೆಯಲ್ಲಿ ಬುಟ್ಟಿ ಅವಳಿಗೆ ಹೊಸದೊಂದು ಹೇಳಿತು. ಗೋಲ್‌ಕೀಪರ್ ಆರ್ಸೆನಿಯೊನ ಬೂದು ಅಂಗಿಯ ಬಲ ಮಗ್ಗುಲು ತೋಳಿನಿಂದ ಸೊಂಟದವರೆಗೆ ಕೆಸರು. ಎಡ ಮಗ್ಗುಲು ಶುಭ್ರ. ಆ ಕರಾವಳಿಯಲ್ಲಿ ಮಳೆ ಬೇಸಿಗೆಗೂ ಬಿಡುವುದಿಲ್ಲ, ಗೋಲಿನ ಮುಂದೆ ಸದಾ ಕೊಚ್ಚೆ. ಒಂದು ಪಂದ್ಯ ಹೀಗಾದರೆ ಚೆಂಡು ಆ ಕಡೆಗೆ ಬಂದಿಲ್ಲ ಎನ್ನಬಹುದು. ಎರಡನೇ ಪಂದ್ಯದಲ್ಲೂ ಹಾಗೆಯೇ. ಮೂರನೆಯದರಲ್ಲೂ ಹಾಗೆಯೇ, ಮೇಲಾಗಿ ಕೊರಳಪಟ್ಟಿ ಬಲಕ್ಕೆ ಜಗ್ಗಿ ಹೋಗಿತ್ತು. ಒಂದೇ ಕೈಯಲ್ಲಿ ಅಂಗಿ ಕಳಚುವವನ ಕೊರಳಪಟ್ಟಿ ಹಾಗಾಗುತ್ತದೆ.

ಆರ್ಸೆನಿಯೊ ಅದೇ ಊರಿನವನು. ಅವನ ತಾಯಿಯೂ ವಿಸಿಯೂ ಒಟ್ಟಿಗೆ ಮೀನಿನ ಬಲೆ ಹೊಲಿದವರು. ಹದಿನೇಳಕ್ಕೆ ತಂಡ ಸೇರಿ, ಹದಿನೆಂಟು ವರ್ಷ ಕೆಳ ದರ್ಜೆಗಳ ಕೆಸರಿನಲ್ಲಿ ಬಿದ್ದೆದ್ದು, ಮೂವತ್ತೈದಕ್ಕೆ ಮೊದಲ ದರ್ಜೆ ಕಂಡಿದ್ದ. ಅವಳು ಅವನನ್ನು ಒಗೆಯುವ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಎಡಗೈ ಎತ್ತು."

"ಯಾಕೆ ಚಿಕ್ಕಮ್ಮ?"

"ಎತ್ತೋ ಅಂದ್ರೆ ಎತ್ತು!"

ಎತ್ತಿದ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಮುಖ ಬಿಳಿಚಿತು. "ಯಾರು ಹೇಳಿದ್ರು ನಿನಗೆ?"

"ನಿನ್ನ ಅಂಗಿ ಹೇಳ್ತು. ಭುಜ ಡಾಕ್ಟರಿಗೆ ತೋರಿಸಿದೀಯ?"

"ತೋರಿಸಿದ್ರೆ ನಾಳೆಯಿಂದ ಬೆಂಚಿಗೆ ಹಾಕ್ತಾರೆ. ಇನ್ನೊಬ್ಬ ಕೀಪರ್ ತುದಿಗಾಲಲ್ಲಿ ನಿಂತಿದಾನೆ. ಈ ವರ್ಷ ಬಿಟ್ರೆ ನನಗೆ ಇನ್ನೊಂದು ವರ್ಷ ಇಲ್ಲ ಚಿಕ್ಕಮ್ಮ. ಎಡಗಡೆ ಬಂದದ್ದನ್ನ ಕಾಲಲ್ಲಿ ತಡೀತೀನಿ, ಬಲಗೈಲಿ ಗುದ್ದುತೀನಿ, ಹೇಗೋ ಸಾಗಿಸ್ತೀನಿ. ಅಮ್ಮನ ಆಣೆ, ಬಾಯಿ ಬಿಡಬೇಡ."

ಸತ್ತ ಗೆಳತಿಯ ಆಣೆ ಹಾಕಿದ ಮೇಲೆ ಅವಳು ಏನು ಮಾಡಿಯಾಳು? ಸುಮ್ಮನಾದಳು. ಆದರೆ ಅಂದಿನಿಂದ ಹಾಸಿಗೆಯೂ ಅವಳಿಗೆ ಮುಳ್ಳಾಯಿತು. ಪಂದ್ಯದ ದಿನ ಮಾತ್ರ ಇದ್ದ ನಡಿಗೆ ವಾರವಿಡೀ ಶುರುವಾಯಿತು. ಕಾಫಿ ಮುಂದಿಟ್ಟುಕೊಂಡು ಅರ್ಧಕ್ಕೇ ಎದ್ದು ಹೋಗುವಳು. ಒಲೆಯ ಮೇಲೆ ಆಲೂಗಡ್ಡೆ ಆಮ್ಲೆಟ್ ಹೊತ್ತಿದರೂ ಗೊತ್ತಾಗದು. ಏಪ್ರಿಲಿನಲ್ಲಿ ತಂಡ ಎರಡು ಪಂದ್ಯ ಸೋತಿತು. ಎರಡರಲ್ಲೂ ಗೋಲು ಬಿದ್ದದ್ದು ಎಡಗಡೆಯಿಂದ. ಜನ ರಕ್ಷಣೆಯ ಆಟಗಾರರನ್ನು ಬೈದರು, ತರಬೇತುದಾರನನ್ನು ಬೈದರು, "ವಿಸಿ ಆವತ್ತು ದೀಪಸ್ತಂಭದ ತನಕ ಹೋಗಿರಲಿಲ್ಲ ಕಣ್ರೋ" ಎಂದೂ ಬೈದರು. ನಿಜ ಬಲ್ಲವಳು ಅವಳೊಬ್ಬಳು. ಊರು ಮುಳುಗಿದರೆ ಮುಳುಗಿಸಿದವಳು ತಾನೇ ಆಗುತ್ತೇನೆ, ಕಾಲ್ಗುಣದಿಂದಲ್ಲ, ಮುಚ್ಚಿಕೊಂಡ ಬಾಯಿಂದ ಎಂದು ಅವಳಿಗೆ ಅನ್ನಿಸತೊಡಗಿತು.

ಕೊನೆಗೆ ಉಳಿದದ್ದು ಒಂದು ಪಂದ್ಯ, ಊರಿನಲ್ಲೇ. ಸೋಲದಿದ್ದರೆ ಸಾಕು, ಮೊದಲ ದರ್ಜೆಯಲ್ಲಿ ಉಳಿಯುತ್ತಾರೆ. ಸೋತರೆ ಕೆಳಗೆ. ಗುರುವಾರ ಅವಳು ಆರ್ಸೆನಿಯೊನನ್ನು ಮತ್ತೆ ಹಿಡಿದಳು.

"ನೀನೇ ಹೋಗಿ ಹೇಳು. ಇಲ್ದಿದ್ರೆ..."

"ಇಲ್ದಿದ್ರೆ? ಅಮ್ಮನ ಆಣೆ ಮುರಿತೀಯಾ?"

"ಇಲ್ಲ. ಭಾನುವಾರ ನಾನು ಬಂದು ನನ್ನ ಕುರ್ಚಿಯಲ್ಲಿ ಕೂತ್ಕೋತೀನಿ."

ಅವನು ಬೆಚ್ಚಿಬಿದ್ದ. ಭುಜ ಹಿಡಿದು ಅಮುಕಿದ್ದರೂ ಅಷ್ಟು ಹೆದರುತ್ತಿರಲಿಲ್ಲ. "ಚಿಕ್ಕಮ್ಮ! ತಮಾಷೆಗೂ ಇಂಥ ಮಾತು ಆಡಬಾರದು!"

ಅವನು ಹೇಳಲಿಲ್ಲ. ಅವಳೂ ಕುರ್ಚಿಯಲ್ಲಿ ಕೂರಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಐದಕ್ಕೆ ಎಂದಿನಂತೆ ಜನರ ಎದುರಿಗೆ ತೂರಿಕೊಂಡು ಹೊರಬಂದಳು. ದೀಪಸ್ತಂಭಕ್ಕೆ ಒಂದು ಸುತ್ತು, ಎರಡು ಸುತ್ತು. ಬೀದಿಯಲ್ಲಿ ನಾಯಿ ಬಿಟ್ಟರೆ ಯಾರಿಲ್ಲ. ಮೂರನೇ ಸುತ್ತಿಗೆ ಮೈದಾನದ ಗೋಡೆಯ ಹತ್ತಿರ ಬಂದಾಗ ಒಳಗಿನ ಗದ್ದಲ ಒಮ್ಮೆಲೇ ನಿಂತುಹೋಯಿತು. ಇಪ್ಪತ್ತು ಸಾವಿರ ಜನ ಒಟ್ಟಿಗೆ ಸುಮ್ಮನಾದದ್ದು ಕೇಳಿ ಅವಳು ಗೇಟಿನ ಕಡೆ ಧಾವಿಸಿದಳು.

ಮೂರನೇ ಗೇಟಿನಲ್ಲಿ ಫೌಸ್ತೊ ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತಿದ್ದ.

"ಏನಾಯ್ತೋ?"

"ಪೆನಾಲ್ಟಿ. ನಮ್ಮ ಮೇಲೆ. ಒಂದೊಂದು ಗೋಲಿನ ಸಮ ಇತ್ತು, ಮುಗಿಯೋಕೆ ಎರಡೇ ನಿಮಿಷ. ಹೋಗು ವಿಸಿ, ನಿನ್ನ ಕಾಲಿಗೆ ಬೀಳ್ತೀನಿ, ಓಡು, ಸಮುದ್ರಕ್ಕೇ ಇಳಿದುಬಿಡು!"

ಅವಳ ಕಾಲು ಬಂದರಿನ ಕಡೆ ತಿರುಗಿತು. ನಾಲ್ಕು ಹೆಜ್ಜೆ ಹೋಗಿ ನಿಂತಿತು. ಒಳಗೆ ಆರ್ಸೆನಿಯೊ ಒಬ್ಬನೇ ನಿಂತಿದ್ದಾನೆ, ಆ ಕೈ ಏಳುವುದಿಲ್ಲ ಎಂದು ಅವನಿಗೊಬ್ಬನಿಗೇ ಗೊತ್ತು. ಇಲ್ಲ, ಇಬ್ಬರಿಗೆ ಗೊತ್ತು. ಅವಳು ಗರ್ರನೆ ತಿರುಗಿ, ಫೌಸ್ತೊನ ಎದೆಗೆ ಕೈಚೀಲದಿಂದ ಒಂದು ಕೊಟ್ಟು, ಒಳಗೆ ನುಗ್ಗಿದಳು.

ಮೂರನೇ ಗೇಟು ತೆರೆಯುವುದು ಗೋಲಿನ ಹಿಂದಿನ ಮೂಲೆಗೆ. ಮೊದಲು ಕಂಡವರು ಉಸಿರು ಎಳೆದುಕೊಂಡರು. ಒಬ್ಬಾಕೆ ಶಿಲುಬೆಯ ಗುರುತು ಮಾಡಿಕೊಂಡಳು. "ಅಯ್ಯೋ, ಅವಳನ್ನ ಯಾರು ಬಿಟ್ರೋ ಒಳಗೆ!" ಎಂದು ಯಾರೋ ಕೂಗಿದರು. ವಿಸಿ ಬೇಲಿಯ ಸರಳುಗಳನ್ನು ಹಿಡಿದು ನಿಂತಳು. ಪೆನಾಲ್ಟಿಗೆ ಮುಂಚೆ ಎರಡೂ ಕಂಬಗಳನ್ನು ಬೂಟಿನಿಂದ ಒದೆಯುವುದು ಆರ್ಸೆನಿಯೊನ ಅಭ್ಯಾಸ. ಬಲ ಕಂಬ ಒದ್ದ. ಎಡ ಕಂಬ ಒದೆಯಲು ತಿರುಗಿದಾಗ ಅವಳು ಕಣ್ಣಿಗೆ ಬಿದ್ದಳು. ಅರೆಗಳಿಗೆ ಅವಳನ್ನೇ ನೋಡಿದ. ಆಮೇಲೆ ನಕ್ಕಂತೆ ಮಾಡಿ ಹೋಗಿ ಗೆರೆಯ ಮೇಲೆ ನಿಂತ.

ಎದುರಾಳಿ ಓಡಿ ಬಂದು ಹೊಡೆದ. ಆರ್ಸೆನಿಯೊ ಎಡಕ್ಕೆ ಹಾರಿದ. ಪೂರ್ತಿ ಮೈ ಚಾಚಿ, ಎಡಗೈ ತಲೆಯ ಮೇಲಕ್ಕೆ ಎತ್ತಿ ಹಾರಿದ. ಚೆಂಡು ಬೆರಳಿಗೆ ತಗುಲಿ ಕಂಬದ ಆಚೆ ಹೋಯಿತು. ಅವನು ಎಡ ಭುಜದ ಮೇಲೆ ಕೊಚ್ಚೆಗೆ ಬಿದ್ದ ಸದ್ದು, ಆಮೇಲೆ ಎದ್ದ ಆ ಮಹಾ ಗದ್ದಲದ ನಡುವೆಯೂ ಅವಳ ಕಿವಿಯಲ್ಲಿ ಉಳಿಯಿತು. ಮೊದಲ ಮೂರು ಸೋಲು ಬಿಟ್ಟರೆ ಆ ವರ್ಷದ ಆಟದಲ್ಲಿ ಅವಳು ಕಣ್ಣಾರೆ ನೋಡಿದ್ದು ಅಷ್ಟೇ.

ಊರು ಉಳಿಯಿತು. ಬಂದರಿನಲ್ಲಿ ದೋಣಿಗಳು ಸೈರನ್ ಊದಿದವು, ಬೀದಿಯಲ್ಲೇ ಸಾರ್ಡೀನ್ ಸುಟ್ಟು ಹಂಚಿದರು. ವಿಸಿ ಒಗೆಯುವ ಕೋಣೆಗೆ ಹೋದಳು. ಬುಟ್ಟಿಯ ಮೇಲ್ಗಡೆಯೇ ಬೂದು ಅಂಗಿ ಇತ್ತು. ಎಡ ಮಗ್ಗುಲಿನಲ್ಲಿ ಎರಡು ತಿಂಗಳಿಂದ ಕಾಣದ ಕೆಸರು, ದಪ್ಪಗೆ, ತೋಳಿನಿಂದ ಸೊಂಟದವರೆಗೆ. ಮೈಯಿಂದ ಬಿಡಿಸಲಾಗದೆ ಡಾಕ್ಟರು ಅಂಗಿಯನ್ನು ಕತ್ತರಿಯಿಂದ ಉದ್ದಕ್ಕೂ ಕತ್ತರಿಸಿದ್ದರು. ಅವಳು ಅದನ್ನು ಎದೆಗೆ ಒತ್ತಿಕೊಂಡು, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, ಯಂತ್ರ ಶುರು ಮಾಡದೆ ಕೂತಳು.

ಮರುದಿನ ಆಸ್ಪತ್ರೆಗೆ ಹೋದಾಗ ಆರ್ಸೆನಿಯೊನ ತೋಳನ್ನು ಎದೆಗೆ ಕಟ್ಟಿಹಾಕಿದ್ದರು. ಇನ್ನು ಮೈದಾನಕ್ಕೆ ಇಳಿಯುವಂತಿಲ್ಲ ಎಂದು ಅವನಿಗೆ ಹೇಳಿಯಾಗಿತ್ತು.

"ನಾನೇ ನಿನ್ನ ಭುಜ ತಿಂದೆ ಕಣೋ" ಎಂದಳು. "ನನ್ನನ್ನ ನೋಡಿ ಧೈರ್ಯ ಬರ್ಲಿ ಅಂತ ಬಂದೆ."

"ಧೈರ್ಯವಾ?" ಅವನು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ. "ನಿನ್ನನ್ನ ನೋಡಿದ್ದೇ, ಆಯ್ತು, ಇವಳು ಬಂದ್ಮೇಲೆ ಹೇಗೂ ಮುಳುಗಿದ್ವಿ ಅಂದ್ಕೊಂಡೆ ಚಿಕ್ಕಮ್ಮ. ಮುಳುಗೋದೇ ಆದ್ರೆ ಈ ಭುಜ ಯಾರಿಗೆ ಉಳಿಸ್ಲಿ? ಅದಕ್ಕೇ ಎಡಕ್ಕೆ ಬಿದ್ದೆ. ನೀನು ಬರ್ದಿದ್ರೆ ಬಲಕ್ಕೇ ಬೀಳ್ತಿದ್ದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಿಗೆ ಮಾತ್ರ ಎಲ್ಲ ಸ್ಪಷ್ಟವಾಗಿತ್ತು. ಫೌಸ್ತೊ ಬಾರಿನಲ್ಲಿ ಎಲ್ಲರೆದುರು ಕೈಚೀಲದ ಪೆಟ್ಟು ಬಿದ್ದ ಎದೆ ತೋರಿಸಿ ಹೇಳಿದ: "ಎರಡೇ ನಿಮಿಷ ಒಳಗೆ ಬಂದಿದ್ದು ಕಣ್ರಪ್ಪ. ಎರಡು ನಿಮಿಷಕ್ಕೆ ನಮ್ಮ ಕೀಪರ್ ಭುಜ ಹೋಯ್ತು. ಪೂರ್ತಿ ಆಟ ಕೂತಿದ್ರೆ?" ಎಲ್ಲರೂ ಹೌದು ಹೌದು ಎಂದು ಮರ ಮುಟ್ಟಿಕೊಂಡರು. ದೊನ್ ಇಲಾರಿಯೊ ಐದನೇ ಸಾಲಿನ ಕುರ್ಚಿಯ ಮೇಲಿನ ಹೆಸರನ್ನು ಅಳಿಸಿದ.

ಆಗಸ್ಟ್ ಕೊನೆಗೆ ಹೊಸ ಲೀಗು ಶುರುವಾಯಿತು. ಸಂಜೆ ಐದಕ್ಕೆ ಜನ ಒಳಗೆ ನುಗ್ಗುವಾಗ ವಿಸಿ ಹೊರಗೆ ಬಂದಳು. ಬಂದರಿನ ತಿರುವಿನಲ್ಲಿ ಆರ್ಸೆನಿಯೊ ಒಂದು ಕೈ ಜೇಬಿನಲ್ಲಿಟ್ಟುಕೊಂಡು ಕಾಯುತ್ತಿದ್ದ. ಆಡದೆ ಗ್ಯಾಲರಿಯಲ್ಲಿ ಕೂತು ನೋಡುವುದು ಅವನ ಕೈಯಲ್ಲಾಗಲಿಲ್ಲ. ಇಬ್ಬರೂ ಸರಸರ ನಡೆದರು. ದೀಪಸ್ತಂಭದ ಹತ್ತಿರ ಬಂದಾಗ ಹಿಂದೆ, ದೂರದಲ್ಲಿ, ಮೈದಾನ ಒಮ್ಮೆ ಭೋರ್ಗರೆಯಿತು.

ಅವನು ನಿಂತುಬಿಟ್ಟ. "ನಮಗೋ, ಅವರಿಗೋ?"

"ಬುಟ್ಟಿ ಬರ್ಲಿ, ಹೇಳ್ತೀನಿ" ಎಂದಳು ವಿಸಿ. "ನಡಿ ಈಗ, ನಿಲ್ಲಬೇಡ."