ನಾಸಪಾತಿಯ ಮೇಲೆ ಒಂದು ಹನಿ

ನನ್ನ ಯಜಮಾನರು ತೀರಿಕೊಂಡ ವರ್ಷ. ಮರುದಿನ ಶಾಲೆಯಲ್ಲಿ ಮಾಡಬೇಕಿದ್ದ ವಿಜ್ಞಾನ ಪಾಠಕ್ಕೆ ಅಯೋಡಿನ್ ಬಾಟಲಿ ಕೊಂಡು, ಪಣಜಿಯಿಂದ ನಾನಿರುವ ಸಾಂಕೋಲೆಗೆ ಬಸ್ಸಿನಲ್ಲಿ ಮರಳುತ್ತಿದ್ದೆ. ಪಕ್ಕದಲ್ಲಿ ನಮ್ಮ ವಿಜಾಪುರದ ಕಡೆಯ ಗಂಡ ಹೆಂಡತಿ ನಾಸಪಾತಿ ಹಣ್ಣಿನ ವಿಷಯಕ್ಕೆ ಜಗಳವಾಡುತ್ತಿದ್ದರು.

"ಹಣ್ಣು ತರ್ರಿ ಅಂದ್ರ ಕಲ್ಲು ತಂದೀರಿ!"

"ಕಲ್ಲಲ್ಲ, ಸಕ್ರಿ ಐತಿ," ಎಂದು ಅವನು ಒಂದನ್ನು ಕಚ್ಚಿ, ಕಷ್ಟಪಟ್ಟು ಅಗಿದ.

ಬೈಯಲು ಅವಳಿಗೊಬ್ಬ ಗಂಡನಿದ್ದಾನೆ ಎಂದು ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಆ ಜಗಳ ಅಲ್ಲಿಗೇ ನಿಲ್ಲಬೇಕೆನಿಸಿತು. ಹಣ್ಣನ್ನು ಕೇಳಿ ಪಡೆದು, ಕಚ್ಚಿದ ಜಾಗಕ್ಕೆ ಒಂದು ಹನಿ ಅಯೋಡಿನ್ ಬಿಟ್ಟೆ. ಬಿಳಿ ತಿರುಳು ನೀಲಿಗಪ್ಪಾಯಿತು.

"ಇದು ಪಿಷ್ಟ ರೀ. ಕಾಯಿ ಬೆಳಿಯೋ ಮುಂದ ತುಂಬಿಕೊಂಡದ್ದು. ಕಿತ್ತ ಮ್ಯಾಲೂ ಒಳಗಿಂದ ಹೊರಗ ಸಕ್ರಿ ಆಗಕೋತ ಬರ್ತದ. ಅವರು ತಂದದ್ದೂ ಚಲೋ ಹಣ್ಣ, ನೀವು ಅಂದದ್ದೂ ಖರೇ. ಅಯೋಡಿನ್ ಬಿದ್ದ ಇದೊಂದನ್ನ ಹೊರಗ ಒಗೀರಿ, ಉಳಿದವನ್ನ ಅಕ್ಕಿ ಡಬ್ಬಿಯೊಳಗ ಇಡ್ರಿ."

ಜಗಳ ಮುಗಿಯಿತೆಂದುಕೊಂಡೆ. ನಾನು ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡೆ.

"ಕೇಳಿದ್ರೇನು? ಅಕ್ಕಿ ಡಬ್ಬಿಯೊಳಗ ಇಡಬೇಕಂತ," ಎಂದಳು ಅವಳು ಗಂಡನತ್ತ ತಿರುಗಿ. "ಅಕ್ಕಿ ಎಲ್ಲೈತ್ರಿ ಡಬ್ಬಿಯೊಳಗ? ತರ್ರಿ ತರ್ರಿ ಅಂತ ಎಷ್ಟ ಸಲ ಹೇಳಬೇಕು?"

"ನಿನ್ನ ತಮ್ಮ ಬಂದು ಕುಂತು ಉಂಡಾನಲ್ಲ, ಅವನ್ನ ಕೇಳು!"

"ನನ್ನ ತಮ್ಮನ ಸುದ್ದಿಗೆ ಬರಬ್ಯಾಡ್ರಿ!"

ಸಾಂಕೋಲೆ ಬರುವವರೆಗೂ ಅವರು ನಿಲ್ಲಿಸಲಿಲ್ಲ. ಇಳಿಯುವಾಗ ಅವಳು ಅವನ ತೋಳು ಹಿಡಿದುಕೊಂಡೇ ಬೈಯುತ್ತಿದ್ದಳು. ನನ್ನ ಮನೆಯ ಡಬ್ಬಿಯಲ್ಲಿ ಅಕ್ಕಿ ತುಂಬಿಯೇ ಇತ್ತು. ಒಬ್ಬಳೇ ಉಂಡರೆ ಅದು ಮುಗಿಯುವುದೇ ಇಲ್ಲ.